ಏನೂ ಆಗದಂಥದ್ದು

ಅರಸೀಕೆರೆ ಸ್ಟೇಷನ್ ರಸ್ತೆಯ ಈ ಔಷಧದಂಗಡಿಯಲ್ಲಿ
ಹದಿನಾರು ವರ್ಷದಿಂದ ನಿಂತಿದ್ದೇನೆ.
ಮಾತ್ರೆಯ ಹೆಸರು ಹೇಳಿ ಕೇಳುವವರು ಕಡಿಮೆ.
ಗುಣ ಹೇಳಿ ಕೇಳುತ್ತಾರೆ,
ಹೆಣ್ಣು ನೋಡಲು ಬಂದವರ ಹಾಗೆ.

ತಂಪಾಗಿರೋದು ಕೊಡಿ, ಗರ್ಮಿ ಆಗಬಾರದು.
ಉರಿಯದಂಥದ್ದು, ಕೂಸಿಗೆ.
ಅತ್ತೆಗೆ ಒಗ್ಗುವಂಥದ್ದು. ಅವರಿಗೆ ಏನೂ ಒಗ್ಗಲ್ಲ, ನಾನೂ.
ಕೊಬ್ಬರಿ ಮಂಡಿಯ ಹಮಾಲ ನಂಜಪ್ಪ ಬೆನ್ನು ತೋರಿಸಿ
"ಹಿತವಾಗಿರೋದು ಏನಾದ್ರೂ" ಅಂದ ದಿನ
ಆ ಪದವನ್ನು ಒಂದು ಬಿಲ್ಲಿನ ಬೆನ್ನಿಗೆ ಬರೆದಿಟ್ಟೆ.
ಅಲ್ಲಿಂದ ಶುರುವಾಯಿತು ಈ ಚಟ.

ಖಾಲಿ ಗ್ಲೂಕೋಸ್ ಡಬ್ಬದ ತುಂಬ ಈಗ ಚೀಟಿಗಳು:
ತಣುಪು, ಮೆದು, ಸೌಮ್ಯ,
ಸಪ್ಪೆ. ಅದೂ ಔಷಧವೇ, ಜ್ವರ ಬಿಟ್ಟ ನಾಲಿಗೆಯನ್ನು ಕೇಳಿ.
ನಿರಪಾಯ. ಇದನ್ನು ಈವರೆಗೆ ಯಾರೂ ಕೇಳಿಲ್ಲ,
ನಿಘಂಟಿನಿಂದ ನಾನೇ ತಂದದ್ದು, ಇನ್ನೂ ಸೀಲು ಒಡೆದಿಲ್ಲ.
ಒಳ್ಳೆ, ಕೆರೆಯಂಚಿನ ನೀರೊಳ್ಳೆ:
ಕಚ್ಚಿದರೂ ಏನೂ ಆಗದಿದ್ದರೆ
ನಮ್ಮಲ್ಲಿ ಹಾವಿಗೂ ಒಳ್ಳೆಯ ಹೆಸರು ಸಿಗುತ್ತದೆ.
ಪಾಪ: ಮಾಡಿದರೆ ನರಕ, ಅಂದರೆ ಕನಿಕರ,
ಪಾಪದವನು ಎಂದರೆ ಅದನ್ನು ಮಾಡದೇ ಇರುವವನು.
ಒಂದೇ ಪದ ಇಷ್ಟು ಮಂದಿಗೆ ಮನೆ ಬಾಡಿಗೆ ಕೊಟ್ಟದ್ದು ನೋಡಿ
ಒಬ್ಬಳೇ ನಕ್ಕಿದ್ದೆ.

ಸಾಧು.
ಇದು ಇಡೀ ಬೀದಿ ಪಂಚಾಕ್ಷರಿಗೆ ಕೊಟ್ಟ ಪದ.
ಮಂಡಿಯಲ್ಲಿ ತಕ್ಕಡಿ ಹಿಡಿಯುವವನು,
ಮುಳ್ಳು ಅಲುಗದ ಹಾಗೆ ಮಾತು.
ಹಸು ಕಣ್ರೀ, ತಲೆ ಎತ್ತಿ ನೋಡಲ್ಲ, ಯಾರ ತಂಟೆಗೂ ಹೋಗಲ್ಲ.
ನಾನೂ ಅಂದಿದ್ದೇನೆ.
ಚೀಟಿ ನನ್ನ ಅಕ್ಷರದಲ್ಲೇ ಇದೆ.

ಅಮಾವಾಸ್ಯೆಯ ಹಿಂದಿನ ರಾತ್ರಿ, ಷಟರ್ ಅರ್ಧ ಇಳಿಸಿದ್ದೆ.
ಅವನ ಹೆಂಡತಿ ಗಂಗಾಂಬಿಕೆ ಬಗ್ಗಿ ಒಳಬಂದಳು.
ಸೆರಗು ಎಡಗೆನ್ನೆಯ ಮೇಲೇ ಇತ್ತು.
ಮುಲಾಮು ಕೇಳುತ್ತಾಳೆಂದು ಆಗಲೇ ಕೈ ಚಾಚಿದ್ದೆ.
"ನಿದ್ದೆದು ಒಂದು ಕೊಡಕ್ಕ. ಅವ್ರಿಗೆ. ಕಾಫಿಗೆ ಹಾಕ್ತೀನಿ.
ಏನೂ ಆಗ್ಬಾರ್ದು.
ಏನೂ ಆಗ್ದೆ ಇರೋಂಥದ್ದು."

ಹದಿನಾರು ವರ್ಷದಲ್ಲಿ ಮೊದಲ ಸಲ
ಕೇಳಿದ್ದಕ್ಕೆ ಸಮನಾದದ್ದು ನನ್ನ ಬಳಿ ಇರಲಿಲ್ಲ,
ಗಾಜಿನ ಬೀರುವಿನಲ್ಲೂ, ಡಬ್ಬದಲ್ಲೂ.
ಹೊಡೆಯುವವನಿಗೆ ನೋವಾಗದೆ ಹೊಡೆತ ಮಾತ್ರ ನಿಲ್ಲಬೇಕು,
ಅಷ್ಟು ಮೆದುವಾದದ್ದನ್ನು ಯಾವ ಕಂಪನಿ ಮಾಡುತ್ತದೆ?

ಡಾಕ್ಟರ ಚೀಟಿ ಇಲ್ಲದೆ ಕೊಡಲ್ಲ ಅಂದೆ. ಅದು ಕಾನೂನು.
ಪಾರಸಮಲ್ ಸೇಠರ ಕುರ್ಚಿ ಎಳೆದು ಕೂರಿಸಿದೆ. ಅದು ಕಾನೂನಲ್ಲ.
ಇನ್ಸುಲಿನ್ ಪಕ್ಕದಲ್ಲಿದ್ದ ಐಸ್ ಪ್ಯಾಕನ್ನು ಟವೆಲ್ಲಿನಲ್ಲಿ ಸುತ್ತಿ
ಅವಳ ಕೈಗಿಟ್ಟು, ಷಟರ್ ಪೂರ್ತಿ ಎಳೆದೆ.
ಹೊರಗೆ ಹುಬ್ಬಳ್ಳಿ ಕಡೆಯ ಗಾಡಿ ಬಂತು,
ಚಾಯ್ ಚಾಯ್ ಎಂದು ಯಾರೋ ಕೂಗಿದರು, ಗಾಡಿ ಹೊರಟಿತು.
ಫ್ರಿಜ್ಜು ಗುರುಗುಡುತ್ತಿತ್ತು.
ನಾವಿಬ್ಬರೂ ಸುಮ್ಮನಿದ್ದೆವು.

ಬಹಳ ಹೊತ್ತಿನ ಮೇಲೆ, ಕಣ್ಣು ಮುಚ್ಚಿಕೊಂಡೇ ಅಂದಳು:
"ಹಾಯ್ ಅನ್ಸುತ್ತೆ ಇಲ್ಲಿ."

ಹಾಯ್!
ನನ್ನ ಡಬ್ಬದಲ್ಲಿ ಇಲ್ಲದ್ದು.
ಬರೆಯಲೆಂದು ಚೀಟಿ ತೆಗೆದೆ, ಪೆನ್ನು ನಿಂತಿತು.
ಹಾಯೋ ಹಸು ಅನ್ನುತ್ತೇವಲ್ಲ, ಅಲ್ಲಿರುವುದೂ ಇದೇ ಸದ್ದು.
ಕೊಂಬಿಗೂ ನೆಮ್ಮದಿಗೂ ಒಂದೇ ಉಸಿರು
ಯಾರು ಕೊಟ್ಟರೋ.

ಡಬ್ಬ ಕೆದಕಿ "ಸಾಧು" ಹುಡುಕಿ ತೆಗೆದೆ.
ಅದರ ಬೆನ್ನಿಗೆ ಮಹಿಳಾ ಠಾಣೆಯ ನಂಬರು,
ಕೆಳಗೆ ನನ್ನದು,
ದೊಡ್ಡ ದೊಡ್ಡ ಅಂಕಿಗಳಲ್ಲಿ.
"ಓದೋಕೆ ಬರುತ್ತೇನಮ್ಮ?"

"ಪಿಯುಸಿ ಪಾಸಾಗಿದೀನಿ ನಾನು,"
ಧಡಕ್ಕನೆ ಕಣ್ಣು ಬಿಟ್ಟಳು, ಸೆರಗು ಜಾರಿತು,
ನನ್ನ ಮೇಲೆ ಸಿಟ್ಟು, ಕೆಂಪಗೆ, ಬಿಸಿಬಿಸಿ.

ನನಗೆ ಹಿತವಾಯಿತು.